ಸೌಟಿನ ಸದ್ದಿಗೆ ಬರುವ ನೀರುನಾಯಿಗಳು

ಒಲೆ ಹಚ್ಚುವುದು. ಅತ್ತೆಯ ಮಂಡಿಗೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಕಟ್ಟುವುದು. ದೋಣಿಯ ದಿಂಬುಗಳ ಹೊದಿಕೆ ನಿನ್ನೆ ಒಗೆದದ್ದು ಒಣಗಿದೆಯೇ ಎಂದು ಕತ್ತಲಲ್ಲೇ ಮುಟ್ಟಿ ನೋಡುವುದು, ಒಣಗಿರದಿದ್ದರೆ ಒಲೆಯ ಮೇಲೆ ಹಿಡಿದು ಆರಿಸುವುದು. ಕುಡಿಯುವ ನೀರು ತುಂಬಿ ಪೆಟ್ಟಿಗೆಯಲ್ಲಿ ಜೋಡಿಸುವುದು. ಗಂಡನಿಗೊಂದು ಹದದ ಚಹಾ, ಮೈದುನನಿಗೊಂದು ಹದದ ಚಹಾ. ಒಬ್ಬನಿಗೆ ಸಕ್ಕರೆ ಮುಂದಿರಬೇಕು, ಇನ್ನೊಬ್ಬನಿಗೆ ಪುಡಿ. ಮಧ್ಯಾಹ್ನಕ್ಕೆ ಈರುಳ್ಳಿ ಹೆಚ್ಚಿಡುವುದು. ದೋಣಿಯ ತಳದಲ್ಲಿ ನಿಂತ ನೀರನ್ನು ಮೊಗೆದು ಚೆಲ್ಲುವುದು. ಕೊನೆಗೆ ಸಣ್ಣ ಮೀನುಗಳನ್ನು ಹಳೆಯ ಬಾಣಲೆಗೆ ಸುರಿದು, ಕಬ್ಬಿಣದ ಸೌಟನ್ನು ಅಡ್ಡ ಇಟ್ಟು, ಗಂಡನ ಹಳೇ ಪ್ಯಾಂಟನ್ನು ಮಂಡಿವರೆಗೆ ಮಡಚಿಕೊಂಡು, ಕಾಡಿನೊಳಗೆ ಹರಿಯುವ ಉಪ್ಪುನೀರಿನ ತೋಡಿನ ತಿರುವಿಗೆ ನಡೆಯುವುದು. ಅಲ್ಲಿ ನೀರುನಾಯಿಗಳಿಗೆ ಬಡಿಸುವುದು.

ಇಷ್ಟು ಮುಗಿಯುವಾಗ ಬೆಳಕು ಹರಿಯುತ್ತದೆ. ಗಂಡ ಎದ್ದು ಕೂತು ಆಕಳಿಸುತ್ತಾನೆ. ಆಗ ಆ ಮನೆಯಲ್ಲಿ ದಿನದ ಕೆಲಸ ಶುರುವಾಯಿತೆಂದು ಎಲ್ಲರೂ ಒಪ್ಪುತ್ತಾರೆ.

ದೋಣಿಗೆ ಬರುವ ಜನ ಒಮ್ಮೊಮ್ಮೆ ಮಾತಿಗೆ ಕೇಳುತ್ತಾರೆ, "ನಿಮ್ಮ ಮನೆಯವರು ಏನು ಮಾಡ್ತಾರೆ?" ಗಂಡ ಮೋಟರಿನ ಹಗ್ಗ ಎಳೆಯುತ್ತ ಹೇಳುತ್ತಾನೆ, "ಅವಳಾ? ಮನೇಲೇ ಇರ್ತಾಳೆ."

ಊರಿನವರು ಅವಳನ್ನು ಕರೆಯುವುದು ಏಡಿಯಕ್ಕ ಎಂದು. ಈ ಹೆಸರು ಗಂಡನ ಕಡೆಯಿಂದ ಬಂದದ್ದಲ್ಲ, ತವರಿನಿಂದ ತಂದದ್ದೂ ಅಲ್ಲ. ಕೆಸರಿನಿಂದ ಬಂತು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಅವಳ ಕೈಗೆ ತುದಿ ಬಾಗಿದ ಒಂದು ಕಬ್ಬಿಣದ ಕೊಕ್ಕೆ ಕೊಟ್ಟು, ಮನೆಯ ಹಿಂದಿನ ಕಾಂಡ್ಲಾ ಕಾಡಿಗೆ ಕರೆದುಕೊಂಡು ಹೋದಳು. ಉಪ್ಪುನೀರಲ್ಲಿ ಕಾಲೂರಿ ನಿಲ್ಲುವ ಮರಗಳ ಕಾಡು ಅದು. ಕೆಲವು ಮರ ಕೊಂಬೆಯಿಂದಲೇ ಬೇರಿಳಿಸಿ ಕಮಾನು ಕಟ್ಟಿಕೊಂಡಿದ್ದವು. ಕೆಲವು ಕೆಸರಿನೊಳಗಿಂದ ಬೇರನ್ನು ಮೇಲಕ್ಕೆ ಚುಚ್ಚಿ ಉಸಿರಾಡುತ್ತಿದ್ದವು. ಬರಿಗಾಲಿಗೆ ಮೊಳೆ ಹಾಸಿದ ಹಾಗೆ. ಹೊಸ ಸೊಸೆ ಎರಡು ಸಲ ಬಿದ್ದಳು. ಅತ್ತೆ ಎತ್ತಲಿಲ್ಲ.

"ಬಿಲದೊಳಗೆ ಕೈ ಹಾಕೋವಾಗ ಅವಸರ ಮಾಡ್ಬೇಡ," ಅಂದಳು ಅತ್ತೆ. "ಅದು ಅದರ ಮನೆ. ನೀನು ಕದಿಯೋಕೆ ಬಂದಿದ್ದೀಯ ಅಂತ ಅದಕ್ಕೂ ಗೊತ್ತು, ನಿನಗೂ ಗೊತ್ತು. ಹೊಟ್ಟೆ ತುಂಬ ಮೊಟ್ಟೆ ಕಟ್ಟಿಕೊಂಡಿದ್ದರೆ ವಾಪಸ್ ಬಿಡು. ಬಿಲದ ಬಾಯಿಗೆ ಒಂದು ಕಡ್ಡಿ ಸಿಕ್ಕಿಸು. ಹಿಂದೆ ಬರೋಳು ನೋಡಿ ಮುಂದೆ ಹೋಗ್ತಾಳೆ."

ಮೊದಲನೇ ಏಡಿ ಅವಳ ಹೆಬ್ಬೆರಳನ್ನು ಸೀಳಿತು. ಆ ಗೀರು ಇವತ್ತಿಗೂ ಬಿಳಿಯ ದಾರದ ಹಾಗೆ ಕಾಣುತ್ತದೆ. ಆದರೆ ಎರಡನೇ ಮಳೆಗಾಲ ಬರುವ ಹೊತ್ತಿಗೆ ಅವಳು ಬಿಲದೊಳಗೆ ಭುಜದವರೆಗೆ ಕೈ ಇಳಿಸಿ, ಏಡಿಯನ್ನು ಹೊರಗೆಳೆದು, ಮಂಡಿಯಡಿ ಒತ್ತಿ ಹಿಡಿದು ಅದರ ಕೈಗಳನ್ನು ನಾರಿನಲ್ಲಿ ಬಿಗಿಯುವುದನ್ನು ನೋಡಲು ಬೇರೆ ಹೆಂಗಸರು ನಿಲ್ಲುತ್ತಿದ್ದರು.

ಕೆಸರು ಅವಳಿಗೆ ಯಾಕೆ ಹಿಡಿಸಿತು ಎನ್ನುವುದಕ್ಕೆ ಕಾರಣ ಏಡಿ ಮಾತ್ರ ಅಲ್ಲ. ಅಲ್ಲಿ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಮನೆಯಲ್ಲಿ ಅವಳ ಹೊತ್ತು ಚೂರು ಚೂರಾಗಿ ಹೋಗುತ್ತಿತ್ತು. ಏನೇ, ಟವೆಲ್ ಎಲ್ಲಿ? ಅತ್ತಿಗೆ, ನನ್ನ ಚಪ್ಪಲಿ ನೋಡಿದ್ರಾ? ಏನೇ, ಕಿವಿ ಕೇಳಲ್ವಾ? ನೀರು ಇಳಿದಾಗ ಕಾಡಿನೊಳಗೆ ಹೊಕ್ಕರೆ, ಮತ್ತೆ ನೀರು ಏರುವವರೆಗೆ ಅವಳ ಹೊತ್ತು ಇಡಿಯಾಗಿ ಅವಳದೇ ಆಗಿರುತ್ತಿತ್ತು.

ನೀರುನಾಯಿಗಳ ಪರಿಚಯ ಆದದ್ದು ಅಲ್ಲಿಯೇ. ಅವೂ ಏಡಿಗೆ ಬರುತ್ತಿದ್ದವು, ಅವಳೂ ಏಡಿಗೆ ಹೋಗುತ್ತಿದ್ದಳು. ಒಂದು ಸಂಸಾರ ಪೂರ್ತಿ: ದೊಡ್ಡವು, ಎಳೆಯವು, ಮುಂದಾಳಾಗಿ ಮೂಗಿನ ಮೇಲೆ ಗೀರಿದ್ದ ಒಂದು ಹೆಣ್ಣು. ಅದಕ್ಕೂ ಏಡಿಯೇ ಗೀರಿರಬೇಕು ಎಂದುಕೊಂಡು ಅವಳು ಗೀರುಮೂಗಿ ಎಂದು ಹೆಸರಿಟ್ಟಳು. ಇವಳನ್ನು ಕಂಡಕೂಡಲೇ ಗೀರುಮೂಗಿ ಹಿಂಗಾಲಲ್ಲಿ ಎದ್ದು ನಿಂತು, ಒಮ್ಮೆ ದಿಟ್ಟಿಸಿ, ಸಿಳ್ಳೆ ಹಾಕುತ್ತಿತ್ತು. ಸಂಸಾರ ಪೂರ್ತಿ ಬೇರುಗಳ ನಡುವೆ ಮಾಯ.

"ಅತ್ತೆ, ನನಗೆ ಹೆದರೋರೂ ಇದ್ದಾರೆ ಈ ಲೋಕದಲ್ಲಿ," ಎಂದು ಅವಳು ಮನೆಗೆ ಬಂದು ಹೇಳಿದಾಗ ಅತ್ತೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಿದ್ದಳು. "ಹಾಗೇ ಇಟ್ಕೋ. ಹೆದರಿಕೆ ಇದ್ದರೆ ಬಾಳಿಕೆ ಬರ್ತಾವೆ."

ಹಾಗೇ ಇಟ್ಟುಕೊಳ್ಳಲು ಆಗಲಿಲ್ಲ.

ಬಲೆಗೆ ಬೀಳುವ ಮೀನು ಕಮ್ಮಿಯಾಯಿತು. ಗಂಡ ಮತ್ತು ಮೈದುನ ದೋಣಿಗೆ ನೆರಳಿನ ಚಾವಣಿ ಹಾಕಿ, ದಿಂಬು ಜೋಡಿಸಿ, ಕಾಡು ನೋಡಲು ಬರುವ ಜನರನ್ನು ತೋಡಿನಲ್ಲಿ ತಿರುಗಾಡಿಸತೊಡಗಿದರು. ನೋಡಲು ಬೇಕಾದಷ್ಟಿತ್ತು. ಬೆಳ್ಳಕ್ಕಿಗಳು, ಬಾಣದ ಹಾಗೆ ನೀರಿಗೆ ಬೀಳುವ ಮಿಂಚುಳ್ಳಿ, ಎದೆಯ ಮೇಲೆ ತೆವಳಿ ಕೆಸರಲ್ಲಿ ಜಿಗಿಯುವ ಉಂಡೆಗಣ್ಣಿನ ಮೀನು, ಒಂದೇ ಒಂದು ದೊಡ್ಡ ಕೈಯನ್ನು ಎತ್ತಿ ಇಳಿಸಿ ಯಾರನ್ನೋ ಜಗಳಕ್ಕೆ ಕರೆಯುವ ಬೆರಳುದ್ದದ ಏಡಿಗಳು. ಜನ ಎಲ್ಲವನ್ನೂ ನೋಡಿ, ಕೊನೆಗೆ ಕೇಳುತ್ತಿದ್ದರು: "ನೀರುನಾಯಿ ಇಲ್ವಾ?"

ಊಟದ ಹೊತ್ತಿಗೆ ಮೈದುನ ವಿಷಯ ತೆಗೆದ. "ಅಣ್ಣ, ದಿನಾ ಒಂದೇ ಜಾಗದಲ್ಲಿ ಮೀನು ಹಾಕಿದರೆ ಬಂದೇ ಬರ್ತಾವೆ."

"ಹಾಕೋರು ಯಾರು?"

ಇಬ್ಬರೂ ತಟ್ಟೆಯಿಂದ ತಲೆ ಎತ್ತಿದರು. ಅವಳ ಕೈಯಲ್ಲಿ ಸೌಟಿತ್ತು.

"ಅತ್ತಿಗೆ ಇದ್ದಾರಲ್ಲ. ಬಡಿಸೋದು ಅವರಿಗೆ ಹೊಸದಾ?"

"ಇನ್ನಷ್ಟು ಬಾಯಿ ಬಂತು ಅನ್ನು," ಎಂದಳು ಅತ್ತೆ ಮೂಲೆಯಿಂದ. "ತಟ್ಟೆ ತೊಳೆಯೋ ಹಾಗಿಲ್ಲ, ಅದೊಂದು ಪುಣ್ಯ."

ಸದ್ದಿನ ಉಪಾಯ ಯಾರೂ ಮಾಡಿದ್ದಲ್ಲ. ಮನೆಯಲ್ಲಿ ಅಡುಗೆ ಆದಾಗ ಅವಳು ಬಾಣಲೆಯ ತಳವನ್ನು ಸೌಟಿನಿಂದ ಸುತ್ತ ಕೆರೆದು, ಸೌಟಿಗೆ ಅಂಟಿದ್ದನ್ನು ಉದುರಿಸಲು ಅಂಚಿಗೆ ಎರಡು ಬಡಿತ ಬಡಿಯುತ್ತಿದ್ದಳು. ಕರ್ರ್, ಕರ್ರ್, ಟಣ್ ಟಣ್. ಹೊರಗೆ ದೋಣಿಗೆ ಎಣ್ಣೆ ಬಳಿಯುತ್ತಿದ್ದ ಗಂಡಸರು ಅದನ್ನು ಕೇಳಿ ಕೈ ತೊಳೆಯಲು ಏಳುತ್ತಿದ್ದರು. ತೋಡಿನ ತಿರುವಿನಲ್ಲೂ ಅವಳ ಕೈ ಅದನ್ನೇ ಮಾಡಿತು. ಮೀನು ಕೆರೆದು ಸುರಿಯುವುದು, ಎರಡು ಬಡಿತ. ಮೊದಮೊದಲು ಮೀನು ಬೆಳ್ಳಕ್ಕಿಯ ಪಾಲಾಯಿತು. ಆಮೇಲೊಂದು ಬೆಳಗ್ಗೆ ಬೇರುಗಳ ಕಮಾನಿನಡಿ ಗೀರುಮೂಗಿಯ ತಲೆ ಕಾಣಿಸಿತು. ಮತ್ತೆ ಕೆಲವು ದಿನಕ್ಕೆ, ಮೀನು ಸುರಿಯುವ ಮೊದಲೇ, ಬರೀ ಕರ್ರ್ ಎಂದರೆ ಸಾಕು, ಸಂಸಾರ ಪೂರ್ತಿ ದಡಕ್ಕೆ ಹತ್ತಿ ಎದ್ದು ನಿಲ್ಲತೊಡಗಿತು.

ನಿಜ ಹೇಳಬೇಕೆಂದರೆ ಅವಳಿಗೆ ಅದು ಹಿತವಾಗಿತ್ತು. ಜನ್ಮವಿಡೀ ಇನ್ನೊಬ್ಬರು ಕರೆದಾಗ ಎದ್ದು ಹೋದವಳು. ಈಗ ಅವಳು ಕರೆದರೆ ಯಾರೋ ಬರುತ್ತಿದ್ದರು. ಅದೂ ಓಡಿ, ಒಬ್ಬರನ್ನೊಬ್ಬರು ತಳ್ಳಿಕೊಂಡು. ತಿಂದಾದ ಮೇಲೆ ಗೀರುಮೂಗಿ ತಕ್ಷಣ ಹೋಗುತ್ತಿರಲಿಲ್ಲ. ಮೈಯನ್ನು ಮರಳಿಗೆ ಉಜ್ಜಿ ಒಣಗಿಸಿಕೊಳ್ಳುತ್ತ, ಇವಳತ್ತ ಬೆನ್ನು ತಿರುಗಿಸಿ ಕೂರುತ್ತಿತ್ತು. ಹೆದರುವ ಪ್ರಾಣಿ ಬೆನ್ನು ತೋರಿಸುವುದಿಲ್ಲ. ಅವಳ ಮನಸ್ಸು ತುಂಬಿ ಬರುತ್ತಿತ್ತು.

ಜನ ಬಂದು ದೋಣಿ ಹೊರಡುವಾಗ ಇನ್ನೊಮ್ಮೆ ಹೋಗಿ ಕರೆದು, ಅದು ತಿರುವಿಗೆ ಬರುವ ಹೊತ್ತಿಗೆ ಅವಳು ಮರೆಯಾಗಬೇಕಿತ್ತು. "ಜನಕ್ಕೆ ಕಾಣಿಸ್ಕೋಬೇಡ ಮಾರಾಯ್ತಿ," ಎಂದು ಗಂಡ ಮೊದಲ ದಿನವೇ ಹೇಳಿದ್ದ, "ಕಾಡು ಕಾಡಿನ ಹಾಗೆ ಕಾಣ್ಬೇಕು." ಹಾಗಾಗಿ ಅವಳು ಬಾಣಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೇರುಗಳ ಹಿಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು, ಸೊಳ್ಳೆ ಕಚ್ಚಿದರೂ ಹೊಡೆಯದೆ. ದೋಣಿಯಿಂದ ಗಂಡನ ದನಿ ನೀರಿನ ಮೇಲೆ ತೇಲಿ ಬರುತ್ತಿತ್ತು: "ನೋಡಿ, ನಮ್ಮ ನೀರುನಾಯಿಗಳು! ನನ್ನ ದೋಣಿ ಸದ್ದು ಕೇಳಿದ್ರೆ ಬಂದು ನಿಲ್ತಾವೆ."

ಏಡಿಗೆ ಹೋಗಲು ಹೊತ್ತು ಉಳಿಯುತ್ತಿರಲಿಲ್ಲ. ದೋಣಿ ಬಂದ ಮೇಲೆ ಒಗೆಯಲು ಹೊದಿಕೆಗಳಿರುತ್ತಿದ್ದವು, ಬೆಳಗಲು ಲೋಟಗಳಿರುತ್ತಿದ್ದವು. ಕೊಕ್ಕೆ ಹಿತ್ತಲ ಗೋಡೆಯ ಮೊಳೆಗೆ ನೇತುಬಿದ್ದು ತುಕ್ಕು ಹಿಡಿಯಿತು.

ಒಂದು ಮಧ್ಯಾಹ್ನ ಅವಳು ಹಿತ್ತಲಲ್ಲಿ ಹೊದಿಕೆ ಹಿಂಡುತ್ತಿದ್ದಾಗ ಹೊಂಡದ ಮನೆಯಾಕೆ ಬಂದಳು. ತೋಡಿನ ಆಚೆ, ಕಾಡು ಮುಗಿಯುವಲ್ಲಿ, ಅವಳ ಗಂಡ ಹೊಂಡ ತೋಡಿ ಮೀನು ಸಾಕುತ್ತಾನೆ. ಕೂರು ಎಂದರೂ ಆಕೆ ಕೂರಲಿಲ್ಲ.

"ಅಕ್ಕಾ, ಒಂದು ಮಾತು. ಬೇಜಾರು ಮಾಡ್ಕೋಬೇಡಿ. ನೀವು ನೀರುನಾಯಿಗಳನ್ನ ಊಟಕ್ಕೆ ಹೇಗೆ ಕರೀತೀರಿ?"

ಏಡಿಯಕ್ಕ ನಕ್ಕು, ಅಲ್ಲೇ ಬಿದ್ದಿದ್ದ ಬಾಣಲೆ ತೆಗೆದು ಸೌಟಿನಿಂದ ಕೆರೆದು ತೋರಿಸಿದಳು. ಕರ್ರ್, ಕರ್ರ್, ಟಣ್ ಟಣ್.

ಹೊಂಡದಾಕೆ ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡಳು. "ಹಾಗೇ ಅಂದ್ಕೊಂಡೆ. ನಾನು ಸಂಜೆ ಹೊಂಡದ ಕಟ್ಟೆ ಮೇಲೆ ಕೂತು ಪಾತ್ರೆ ತೊಳೀತೀನಿ. ತಳ ಹಿಡಿದಿದ್ದರೆ ಸೌಟಲ್ಲಿ ಕೆರೀತೀನಿ, ಎಲ್ಲರ ಹಾಗೆ. ಕೆರೆದರೆ ಸಾಕು, ಬಂದು ಸಾಲಾಗಿ ಎದ್ದು ನಿಲ್ತಾವೆ ಅಕ್ಕಾ, ಮದುವೆ ಊಟಕ್ಕೆ ಬಂದ ನೆಂಟರ ಹಾಗೆ. ನಾನೇನೂ ಹಾಕಲ್ಲ. ಕಾದು ಕಾದು, ಪಕ್ಕದಲ್ಲೇ ಹೊಂಡ ಇದೆಯಲ್ಲ, ಇಳೀತಾವೆ. ನಮ್ಮವರು ನೋಡೋಷ್ಟು ದಿನ ನೋಡಿದರು. ಆಮೇಲೆ ತಂತಿ ಉರುಳು ಹಾಕಿದರು. ಮೊನ್ನೆ ಒಂದು ಮರಿ ಸಿಕ್ಕಿಬಿತ್ತು."

"ಬದುಕಿತಾ?"

"ಇಲ್ಲ."

ಏಡಿಯಕ್ಕ ಅರ್ಧ ಹಿಂಡಿ ಬಿಟ್ಟ ಹೊದಿಕೆಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

"ನಮ್ಮವರನ್ನ ಏನಂತ ಬೈಲಿ?" ಎಂದಳು ಹೊಂಡದಾಕೆ. "ಮೀನು ಹೋದರೆ ಮನೇನೇ ಹೋದ ಹಾಗೆ. ಆದರೆ ಅದು ಬಂದಿದ್ದು ನನ್ನ ಪಾತ್ರೆ ಸದ್ದಿಗೆ. ಈಗ ಪಾತ್ರೆ ಮುಟ್ಟೋಕೇ ಕೈ ಬರ್ತಿಲ್ಲ."

"ಸೌಟು ಹಾಕ್ಬೇಡ. ಬೂದಿ ಹಾಕಿ ಕೈಯಲ್ಲೇ ಉಜ್ಜು."

"ನಾನು ಉಜ್ತೀನಿ ಅಕ್ಕಾ. ದಡದುದ್ದಕ್ಕೂ ಪಾತ್ರೆ ತೊಳೆಯೋಳು ನಾನೊಬ್ಬಳೇನಾ? ಹೊಂಡ ಇರೋದು ನಮ್ಮೊಬ್ಬರದೇನಾ?"

ಆಕೆ ಹೋದ ಮೇಲೂ ಏಡಿಯಕ್ಕ ಹಾಗೇ ನಿಂತಿದ್ದಳು. ಎಲ್ಲೋ ಯಾರದೋ ಹಿತ್ತಲಲ್ಲಿ ಯಾರೋ ಬಾಣಲೆ ಕೆರೆಯುತ್ತಿದ್ದರು. ಹುಟ್ಟಿದಾಗಿನಿಂದ ಕಿವಿಗೆ ಬಿದ್ದು ಬಿದ್ದು ಕೇಳಿಸದೇ ಹೋಗಿದ್ದ ಸದ್ದು. ಅದು ಈಗ ಬಿಡಿಬಿಡಿಯಾಗಿ ಕೇಳಿಸಿತು. ಈ ತೋಡಿನ ದಡದ ಒಂದೊಂದು ಅಡುಗೆಮನೆಯನ್ನೂ ಅವಳು ಉರುಳು ಮಾಡಿಟ್ಟಿದ್ದಳು.

ಸಂಜೆ ಊಟಕ್ಕೆ ಬಡಿಸುತ್ತ ಎಲ್ಲವನ್ನೂ ಹೇಳಿದಳು. "ನಾಳೆಯಿಂದ ನಾನು ಮೀನು ಹಾಕಲ್ಲ."

"ತಂತಿ ಹಾಕಿದೋನು ಅವನು," ಎಂದ ಗಂಡ. "ನಾವೇನು ಮಾಡೋಕಾಗುತ್ತೆ? ಅವೇನು ನಮ್ಮವಾ? ಕಾಡುಪ್ರಾಣಿ."

"ದೋಣೀಲಿ ನಮ್ಮವು ಅಂತೀರಿ."

"ದೋಣೀಲಿ ಬೇರೆ." ಅವನು ತಟ್ಟೆ ಮುಂದಕ್ಕೆ ಸರಿಸಿದ. "ಇನ್ನೊಂದು ಚೂರು ಹಾಕು."

ಅವಳು ಹಾಕಲಿಲ್ಲ. ಸೌಟನ್ನು ಪಾತ್ರೆಯೊಳಗೆ ಬಿಟ್ಟು, ಪಾತ್ರೆಯನ್ನು ಅವನ ಪಕ್ಕಕ್ಕೆ ತಳ್ಳಿ, ತಾನೂ ತಟ್ಟೆ ತೆಗೆದುಕೊಂಡು ಕೂತಳು. ಮೈದುನ ಅಣ್ಣನ ಮುಖ ನೋಡಿದ, ಅಣ್ಣ ಅಮ್ಮನ ಮುಖ ನೋಡಿದ. ಅತ್ತೆ ತನ್ನ ತುತ್ತನ್ನೇ ನೋಡಿದಳು.

"ಸರಿ, ಹೋಗ್ಬೇಡ," ಎಂದ ಗಂಡ. "ಎರಡು ಮೀನು ಎಸೆಯೋಕೆ ನಮಗೆ ಕೈಯಿಲ್ವಾ?"

ಮಾರನೇ ಬೆಳಗ್ಗೆ ಗಂಡಸರಿಬ್ಬರೂ ಬೆಳಕು ಹರಿಯುವ ಮೊದಲೇ ಎದ್ದರು. ಎದ್ದದ್ದು ಊರಿಗೆಲ್ಲ ಗೊತ್ತಾಯಿತು. ಬೆಂಕಿಪೆಟ್ಟಿಗೆ ಎಲ್ಲಿ, ಸೌಟು ಎಲ್ಲಿ, ಟಾರ್ಚು ಎಲ್ಲಿ. ತಿರುವಿಗೆ ಹೋಗಿ ಮೈದುನ ಬಾಣಲೆಯನ್ನು ಬೋರಲು ಹಾಕಿ ಸೌಟಿನಿಂದ ಡೊಳ್ಳಿನ ಹಾಗೆ ಬಾರಿಸಿದ. ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಗಂಡ ಕಿತ್ತುಕೊಂಡು ತಾನು ಬಾರಿಸಿದ. ಎಲ್ಲೋ ದೂರದಲ್ಲಿ ಒಂದು ಸಿಳ್ಳೆ ಕೇಳಿ, ನಿಂತಿತು. ಸಂಸಾರದ ಸುಳಿವಿಲ್ಲ. ಕಾಲು ಜಾರಿ ಮೈದುನ ಸೊಂಟದವರೆಗೆ ಕೆಸರಲ್ಲಿ ಹೂತ. ಆ ದಿನ ದೋಣಿಯಲ್ಲಿ ಬಂದವರು ನೀರುನಾಯಿ ಕಾಣದೆ ಗೊಣಗುತ್ತ ಇಳಿದುಹೋದರು.

"ಒಂದು ಬಾಣಲೆ ಕೆರೆಯೋಕೆ ಬಂದಿದ್ದರೆ ತಾನೇ," ಎಂದು ಅತ್ತೆ ಹಾಸಿಗೆಯಲ್ಲಿ ಕೂತು ನಕ್ಕಳು. "ಇಷ್ಟು ವರ್ಷ ತಿಂದಿದ್ದೀರಿ, ಸದ್ದು ಹೇಗೆ ಹುಟ್ಟುತ್ತೆ ಅಂತ ಒಂದು ದಿನ ತಿರುಗಿ ನೋಡಿದ್ದೀರಾ?"

ಆವತ್ತು ಗಂಡ ಮೆತ್ತಗಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತ. ಅಪರೂಪಕ್ಕೆ ತನ್ನ ಲೋಟವನ್ನು ತಾನೇ ತಂದು ಇಟ್ಟ.

"ನೋಡು, ನಾಳೆ ದೊಡ್ಡ ಗುಂಪು ಬರ್ತಿದೆ. ಎರಡನೇ ದೋಣಿ ಮಾಡೋ ಆಸೆ ನನಗೆ, ನಿನಗೂ ಗೊತ್ತು. ನಾಳೆ ಒಂದೇ ಒಂದು ದಿನ ಕರೆದು ಕೊಡು. ಆಮೇಲೆ ನಿಲ್ಲಿಸೋಣ."

ಒಂದೇ ಒಂದು ದಿನ. ಆ ಮನೆಯ ಎಲ್ಲ ಕೆಲಸವೂ ಅವಳ ಬಳಿ ಬಂದದ್ದು ಇದೇ ಬಾಗಿಲಿನಿಂದ. ಇವತ್ತೊಂದು ದಿನ ದೋಣಿಯ ನೀರು ನೀನೇ ಮೊಗೆ, ನನಗೆ ಬೆನ್ನು ನೋವು. ಇವತ್ತೊಂದು ದಿನ ಹೊದಿಕೆ ಒಗೆದುಬಿಡಿ ಅತ್ತಿಗೆ. ಆ ಒಂದೊಂದು ದಿನವೂ ಬಂದು ಒಳಗೆ ಕೂತು, ಎದ್ದು ಹೋದದ್ದೇ ಇಲ್ಲ.

"ನಾಳೆ ತಿರುವಿಗೆ ಹೋಗ್ತೀನಿ," ಎಂದಷ್ಟೇ ಹೇಳಿದಳು. ಗಂಡ ಅದನ್ನು ಒಪ್ಪಿಗೆ ಎಂದುಕೊಂಡು ಸಿಳ್ಳೆ ಹಾಕುತ್ತ ಹೊರಗೆ ಹೋದ.

ಮೀನು ಹಾಕುವುದನ್ನು ನಿಲ್ಲಿಸಿದರೆ ಸಾಲದು ಎಂಬುದು ಅವಳಿಗೆ ಅರ್ಥವಾಗಿತ್ತು. ಹಸಿದವು ಇನ್ನೂ ಆಸೆಯಿಂದ ಆಚೆ ದಡದ ಬಾಣಲೆಗೆ ಓಡುತ್ತವೆ. ಸದ್ದಿಗೇ ಹೆದರಬೇಕು. ಸೌಟು ಕೆರೆದದ್ದು ಕೇಳಿದರೆ ನೀರೊಳಗೆ ಮುಳುಗಬೇಕು. ಆ ಹೆದರಿಕೆಯನ್ನು ಅಳಿಸಿದ ಕೈಯೇ ಮತ್ತೆ ಬರೆಯಬೇಕು. ಮನೆಯ ಗಂಡಸರ ಕೈಗೆ ಅವು ಬರುವುದಿಲ್ಲ ಎನ್ನುವುದನ್ನು ಅವರೇ ತೋರಿಸಿಕೊಟ್ಟಿದ್ದರು.

ಬೆಳಗ್ಗೆ ಒಲೆ ಹಚ್ಚಿದಳು. ಅತ್ತೆಯ ಮಂಡಿಗೆ ಬಟ್ಟೆ ಕಟ್ಟಿದಳು. ಹೊದಿಕೆ ಮುಟ್ಟಿ ನೋಡಲಿಲ್ಲ. ದೋಣಿಯ ತಳದ ನೀರು ಅಲ್ಲೇ ನಿಂತಿತ್ತು. ಬಾಣಲೆ, ಸೌಟು ತೆಗೆದುಕೊಂಡಳು. ಅತ್ತೆಯ ಕಣ್ಣು ಮಂದವಾದರೂ ಮೂಗು ಚುರುಕು.

"ಬಾಣಲೇಲಿ ಮೀನಿಲ್ಲ."

"ಇಲ್ಲ ಅತ್ತೆ."

"ನನ್ನನ್ನ ಏನೂ ಕೇಳ್ಬೇಡಮ್ಮ. ನಾನು ಹೇಳಿದರೆ ನಾಳೆ ನನ್ನ ಮೇಲೆ ಬರುತ್ತೆ."

"ನಾನೆಲ್ಲಿ ಕೇಳ್ತಿದ್ದೀನಿ?"

ಹಿತ್ತಲಿಗೆ ಬಂದು ಮೊಳೆಯಿಂದ ಕೊಕ್ಕೆಯನ್ನೂ ತೆಗೆದುಕೊಂಡಳು.

ನೀರು ಇಳಿಯುತ್ತಿತ್ತು. ತಿರುವಿನಲ್ಲಿ ಕೆಸರು ಹೊಸದಾಗಿ ಹೊಳೆಯುತ್ತಿತ್ತು, ಅದರ ಮೇಲೆ ರಾತ್ರಿ ಬಂದು ಹೋದ ಹಕ್ಕಿಗಳ ಹೆಜ್ಜೆ. ಅವಳು ಕೆಸರನ್ನು ಹಿಡಿ ಹಿಡಿಯಾಗಿ ಕಿತ್ತು ಉಂಡೆ ಮಾಡಿ ಬಾಣಲೆಯ ಪಕ್ಕ ಜೋಡಿಸಿದಳು. ಕಲ್ಲು ಬೇಡ. ನೋವಾದರೆ ಸಾಕು, ಗಾಯ ಆಗಬಾರದು. ಆಮೇಲೆ ಸೌಟು ತೆಗೆದುಕೊಂಡು ಕೆರೆದಳು.

ಕರ್ರ್, ಕರ್ರ್, ಟಣ್ ಟಣ್.

ಬಂದವು. ನೀರನ್ನು ಸೀಳಿಕೊಂಡು, ಚಿವ್ ಚಿವ್ ಎನ್ನುತ್ತ, ಹಿಂದಿನ ದಿನದ ಹಸಿವನ್ನೂ ಸೇರಿಸಿಕೊಂಡು ಬಂದವು. ಮರಿಗಳಲ್ಲಿ ಒಂದು ಕಮ್ಮಿ. ಗೀರುಮೂಗಿ ಎಲ್ಲರಿಗಿಂತ ಮುಂದೆ ಬಂದು ಎದ್ದು ನಿಂತಿತು. ಅದರ ಕತ್ತಿನ ಸುತ್ತ ರೋಮ ಉದುರಿ ಕೆಂಪಗೆ ಒಂದು ಗೆರೆ ಬಿದ್ದಿತ್ತು. ತಂತಿಯಿಂದ ಹೇಗೋ ಕೊಸರಿಕೊಂಡು ಬಂದಿತ್ತು. ಬಂದು, ಮತ್ತೆ ಅದೇ ಸದ್ದಿಗೆ ನಿಂತಿತ್ತು.

ಅವಳು ಎಸೆದಳು. ಮೊದಲ ಉಂಡೆ ನೀರಿಗೆ ಬಿತ್ತು. ಮೀನೆಂದುಕೊಂಡು ಒಂದು ಮರಿ ಅದರ ಹಿಂದೆ ಮುಳುಗಿತು. ಎರಡನೆಯದು, ಮೂರನೆಯದು ಮೈಗಳಿಗೆ ಬಡಿದವು. ಕಿರುಚಾಟ, ನೀರಿನ ಸಿಡಿತ. ಅವಳು ಎದ್ದು ನಿಂತು, ಜನ್ಮದಲ್ಲಿ ಎಂದೂ ಏರಿಸದ ದನಿಯಲ್ಲಿ, "ಹೋಗಿ! ಹೋಗ್ರೋ!" ಎಂದು ಕೂಗಿದಳು. ತನ್ನ ದನಿ ಅಷ್ಟು ದೊಡ್ಡದು ಎಂದು ಅವಳಿಗೇ ಗೊತ್ತಿರಲಿಲ್ಲ.

ತೋಡು ಖಾಲಿಯಾಯಿತು. ಅವಳು ಮತ್ತೆ ಸೌಟು ಕೆರೆದಳು.

ಈ ಸಲ ಗೀರುಮೂಗಿ ಒಂದೇ ಬಂತು. ಬೇರಿನ ಕಮಾನಿನಡಿಯಿಂದ ಹೊರಗೆ ಬಂದು, ದಡ ಹತ್ತಿ, ಮೈ ಕೊಡವಿ, ಇಷ್ಟು ಹೊತ್ತು ಆದದ್ದೇನೋ ತಪ್ಪು ತಿಳಿವಳಿಕೆ ಎನ್ನುವಂತೆ, ಇವಳಿಗೆ ಬೆನ್ನು ತಿರುಗಿಸಿ ಮರಳಲ್ಲಿ ಕೂತಿತು.

ದೂರದಲ್ಲಿ ಮೋಟರಿನ ಸದ್ದು ಕೇಳಿಸಿತು. ದೊಡ್ಡ ಗುಂಪು ಹೊರಟಿತ್ತು. ಈಗ ಕೈಯಲ್ಲಿರುವುದನ್ನು ಕೆಳಗೆ ಹಾಕಿ ಬೇರುಗಳ ಹಿಂದೆ ಕುಕ್ಕರಿಸಿದರೆ ಸಾಕಿತ್ತು. ದೋಣಿ ತಿರುವಿಗೆ ಬರುತ್ತಿತ್ತು, ಜನ ಉದ್ಗಾರ ತೆಗೆಯುತ್ತಿದ್ದರು, ಸಂಜೆ ಮನೆಯಲ್ಲಿ ಎಲ್ಲರೂ ನಗುತ್ತಿದ್ದರು. ಈ ಲೋಕದಲ್ಲಿ ಅವಳು ಕರೆದರೆ ಬರುವ ಒಂದು ಜೀವ ಉಳಿದಿರುತ್ತಿತ್ತು.

ಅವಳು ಅದರ ಬೆನ್ನನ್ನು ನೋಡಿದಳು. ಎಲ್ಲಕ್ಕಿಂತ ದೊಡ್ಡ ಉಂಡೆಯನ್ನು ಆರಿಸಿಕೊಂಡಳು. ಗುರಿ ತಪ್ಪದ ಹಾಗೆ ಎರಡು ಹೆಜ್ಜೆ ಹತ್ತಿರ ಹೋಗಿ ಎಸೆದಳು.

ಗೀರುಮೂಗಿ ಎಗರಿ ತಿರುಗಿತು. ಇವಳನ್ನು ದಿಟ್ಟಿಸಿತು. ಆಮೇಲೆ ಸಿಳ್ಳೆ ಹಾಕಿತು, ಬಹಳ ಹಿಂದೆ ಹಾಕುತ್ತಿದ್ದ ಹಾಗೆ, ಉದ್ದಕ್ಕೆ. ನೀರು ಮುಚ್ಚಿಕೊಂಡಿತು.

ಮೂರನೇ ಸಲ ಕೆರೆದಳು. ಯಾರೂ ಬರಲಿಲ್ಲ. ಇನ್ನೊಮ್ಮೆ ಕೆರೆದು, ಕಾದು, ನೀರು ಅಲುಗದ್ದನ್ನು ನೋಡಿ, ಬಾಣಲೆಯನ್ನು ಬೇರಿನ ಮೇಲೆ ಬೋರಲು ಹಾಕಿದಳು. ನಾಳೆಯೂ ಬರಬೇಕು, ನಾಡಿದ್ದೂ ಬರಬೇಕು. ಹೊಂಡದಾಕೆಗೂ ಉಂಡೆ ಎಸೆಯಲು ಹೇಳಿಕೊಡಬೇಕು.

ದೋಣಿ ತಿರುವಿಗೆ ಬಂತು. "ಏನೇ!" ಎಂದಿತು ಗಂಡನ ದನಿ, ಜನರಿದ್ದಾರೆ ಎಂಬುದನ್ನೂ ಮರೆತು. "ಎಲ್ಲಿದ್ದೀಯೇ? ಏನಾಯ್ತೇ?"

ಅಷ್ಟರಲ್ಲಿ ಅವಳು ಕೊಕ್ಕೆ ಹಿಡಿದು ಬೇರುಗಳನ್ನು ದಾಟಿಕೊಂಡು ಒಳಗೆ ಹೋಗಿದ್ದಳು. ಮಂಡಿಯೂರಿ, ಕಡ್ಡಿ ಸಿಕ್ಕಿಸಿರದ ಒಂದು ಬಿಲದೊಳಗೆ ಭುಜದವರೆಗೆ ಕೈ ಇಳಿಸಿದ್ದಳು. ಗಂಡ ಕರೆದದ್ದು ಕೇಳಿಸಿತು. ಮತ್ತೊಮ್ಮೆ ಕರೆದದ್ದೂ ಕೇಳಿಸಿತು. ಅವಳು ಅವಸರ ಮಾಡಲಿಲ್ಲ.